ಒಂದೇ ಬೆಂಟ್ಲಿ, ಎರಡು ಅಳತೆ, ಹತ್ತಾರು ಪೆಟ್ಟಿಗೆ: ಏರ್‌ಫಿಕ್ಸ್ ಕಿಟ್ ಕೊಳ್ಳುವವರಿಗೆ

ಕ್ಯಾತ್ಸಂದ್ರದ ನಮ್ಮ ಮನೆಯ ನಡುಮನೆಯಲ್ಲಿ ಒಂದು ಗಾಜಿನ ಬೀರು ಇದೆ. ಅದರಲ್ಲಿ ಎರಡು ಹಸಿರು ಕಾರುಗಳು. ಒಂದು ಅಂಗೈ ಮೇಲೆ ಕೂರುತ್ತದೆ, ಇನ್ನೊಂದಕ್ಕೆ ಬೀರುವಿನ ಇಡೀ ಒಂದು ಅಂತಸ್ತು ಬೇಕು. ನೋಡಿದವರು ಬೇರೆ ಬೇರೆ ಕಾರು ಅಂದುಕೊಳ್ಳುತ್ತಾರೆ. ಎರಡೂ ಒಂದೇ: 1930ರ ನಾಲ್ಕೂವರೆ ಲೀಟರ್ ಬೆಂಟ್ಲಿ, ಮೂಗಿನ ಮುಂದೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಹೊತ್ತದ್ದು, ಕಾರು ಬಲ್ಲವರ ಬಾಯಲ್ಲಿ ‘ಬ್ಲೋವರ್’. ಎರಡನ್ನೂ ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯ, ಬಿಡಿ ಭಾಗ ಅಂಟಿಸಿ ಮಾದರಿ ಕಟ್ಟುವ ಪ್ಲಾಸ್ಟಿಕ್ ಕಿಟ್‌ನಿಂದ ನಾನೇ ಕೂರಿಸಿದ್ದು.

ಈಚೆಗೆ ಒಮ್ಮೆ ಪಕ್ಕದ ಬೀದಿಯ ಹುಡುಗ ಬಂದಿದ್ದ. ಎಂಜಿನಿಯರಿಂಗ್ ಎರಡನೇ ವರ್ಷ. ಬೀರುವಿನ ಮುಂದೆ ಅರ್ಧ ಗಂಟೆ ನಿಂತು ನೋಡಿ, ‘ಆಂಟಿ, ನಾನೂ ಇದನ್ನೇ ಮಾಡಬೇಕು. ಹಳೇ ಪೆಟ್ಟಿಗೆ ತಗೊಳ್ಲಾ, ಈಗ ಬರ್ತಿರೋದು ತಗೊಳ್ಲಾ?’ ಅಂದ. ಇದೇ ಪ್ರಶ್ನೆಯನ್ನು ಬೇರೆಯವರೂ ಕೇಳಿದ್ದಾರೆ. ಆದರೆ ಇದು ಎರಡನೆಯದಾಗಿ ಕೇಳಬೇಕಾದ ಪ್ರಶ್ನೆ. ಮೊದಲು ಅಳತೆ ತೀರ್ಮಾನವಾಗಬೇಕು: 1/32ರದ್ದೋ, ಅಂದರೆ ನಿಜವಾದ ಕಾರಿನ ಮೂವತ್ತೆರಡನೇ ಒಂದು ಭಾಗದಷ್ಟು ಉದ್ದದ್ದೋ, ಹನ್ನೆರಡನೇ ಒಂದು ಭಾಗದ 1/12ರದ್ದೋ. ಪೆಟ್ಟಿಗೆಯ ವಯಸ್ಸು ಆಮೇಲಿನದು. ಹೆಚ್ಚಿನವರು ಪೆಟ್ಟಿಗೆ ಮೇಲಿನ ಚಿತ್ರಕ್ಕೆ ಮನಸೋತು ಉಲ್ಟಾ ಮಾಡುತ್ತಾರೆ. ಹಾಗೆ ತಂದ ಕಿಟ್ ಅರ್ಧಕ್ಕೆ ನಿಂತು ಅಟ್ಟ ಸೇರುತ್ತದೆ. ಕಿಟ್ ಆರಿಸುವಾಗ ನಾನು ನೋಡುವುದು ಒಂದನ್ನೇ: ಇದನ್ನು ನಾನು ಮುಗಿಸುತ್ತೇನಾ?

ನನ್ನ ಮಾತಿಗೆ ಎಷ್ಟು ತೂಕ ಕೊಡಬೇಕು ಅನ್ನುವುದಕ್ಕೆ ಇಷ್ಟು ಹೇಳಿಬಿಡುತ್ತೇನೆ. ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಕೆಲಸ ಮಾಡಿದವಳು ನಾನು. ಕಣ್ಣಿಗೆ ಲೂಪ್ ಅನ್ನುವ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಸ್ಕ್ರೂ ಹಿಡಿದು, ಉಸಿರು ಕಟ್ಟಿ ಕೂರಿಸಿ ಅಭ್ಯಾಸ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವಾಯಿತು, ಕಾರ್ಖಾನೆಯ ಜಾಗ ಮುಂದೆ ಇಸ್ರೋಗೆ ಹೋಯಿತು. ಕೈ ಮಾತ್ರ ಸುಮ್ಮನಿರಲಿಲ್ಲ. ಆಗ ನೆನಪಾದದ್ದು, ಚಿಕ್ಕಂದಿನಲ್ಲಿ ಬೆಂಗಳೂರಿನ ಸೋದರಮಾವ ತಂದುಕೊಟ್ಟಿದ್ದ, ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತಿದ್ದ ಒಂದು ಬೆಂಟ್ಲಿ ಕಿಟ್.

ಮೊದಲು ನಿಜವಾದ ಕಾರಿನ ಬಗ್ಗೆ ನಾಲ್ಕು ಮಾತು. ಅದು ಗೊತ್ತಿಲ್ಲದಿದ್ದರೆ ಕಿಟ್‌ನಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಕಾಣುವುದಿಲ್ಲ.

ಬೆಂಟ್ಲಿಯ ನಾಲ್ಕೂವರೆ ಲೀಟರ್ ಕಾರು 1927ರಿಂದ 1931ರವರೆಗೆ ತಯಾರಾಯಿತು. ಒಟ್ಟು 720. ಅದರಲ್ಲಿ ಸೂಪರ್‌ಚಾರ್ಜರ್ ಇದ್ದವು ಬರೀ 55. ನಾಲ್ಕು ಸಿಲಿಂಡರ್, ಒಂದೊಂದರ ವ್ಯಾಸ 100 ಮಿ.ಮೀ., ಪಿಸ್ಟನ್ ಓಡಾಟ 140 ಮಿ.ಮೀ.; ಗುಣಿಸಿ ನೋಡಿದರೆ 4,398 ಸಿಸಿ ಬರುತ್ತದೆ. ಮಾಮೂಲಿ ಎಂಜಿನ್ 110 ಅಶ್ವಶಕ್ತಿ ಕೊಡುತ್ತಿತ್ತು. ರೇಸಿನ ಹುಮ್ಮಸ್ಸಿನಲ್ಲಿದ್ದ ಚಾಲಕ ಟಿಮ್ ಬರ್ಕಿನ್‌ಗೆ ಅದು ಸಾಲಲಿಲ್ಲ. ಆಮ್ಹರ್ಸ್ಟ್ ವಿಲಿಯರ್ಸ್ ಎಂಬ ಎಂಜಿನಿಯರ್ ರೂಪಿಸಿದ ಸೂಪರ್‌ಚಾರ್ಜರನ್ನು ರೇಡಿಯೇಟರಿನ ಮುಂದೆ, ಚಾಸಿಯ (ಕಾರಿನ ತಳದ ಚೌಕಟ್ಟಿನ) ಎರಡು ಕೊಂಬುಗಳ ನಡುವೆ ಕೂರಿಸಿದರು. ದುಡ್ಡು ಹಾಕಿದವರು ಡೊರೊಥಿ ಪ್ಯಾಜೆಟ್ ಎಂಬ ಸಿರಿವಂತ ಹೆಣ್ಣುಮಗಳು. ರೇಸಿನ ಕಾರುಗಳಲ್ಲಿ ಶಕ್ತಿ 240 ಅಶ್ವಶಕ್ತಿಗೆ ಏರಿತು. ಕಂಪನಿ ಕಟ್ಟಿದ ಡಬ್ಲ್ಯು. ಓ. ಬೆಂಟ್ಲಿಗೆ ಇದು ಇಷ್ಟವಿರಲಿಲ್ಲ. ಶಕ್ತಿ ಬೇಕಾದರೆ ಎಂಜಿನ್ ದೊಡ್ಡದು ಮಾಡಬೇಕು, ಗಾಳಿ ತುರುಕಬಾರದು ಅನ್ನುವುದು ಅವರ ನಿಲುವು. ಬ್ಲೋವರ್ ಫ್ರಾನ್ಸಿನ ಲೆ ಮಾನ್ಸ್ ರೇಸನ್ನು ಗೆಲ್ಲಲೇ ಇಲ್ಲ. 1930ರಲ್ಲಿ ಅಲ್ಲಿ ಗೆದ್ದದ್ದು ಅದೇ ಕಂಪನಿಯ ಸ್ಪೀಡ್ ಸಿಕ್ಸ್. ಆದರೂ ಅದೇ ವರ್ಷ ಪೋ ಊರಿನಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿ ಬರ್ಕಿನ್ ಈ ಭಾರಿ ಗಾಡಿಯನ್ನು ಎರಡನೇ ಸ್ಥಾನಕ್ಕೆ ತಂದರು. ಸೋತ ಕಾರನ್ನು ಜನ ಇಷ್ಟು ಪ್ರೀತಿಸಿದ್ದು ಅದರ ಮುಖ ನೋಡಿ. ಆ ಮುಖ ಸರಿಯಾಗಿ ಮೂಡಿದೆಯೋ ಇಲ್ಲವೋ ಅನ್ನುವುದೇ ಯಾವ ಬೆಂಟ್ಲಿ ಕಿಟ್‌ಗೂ ಮೊದಲ ಪರೀಕ್ಷೆ. ಏರ್‌ಫಿಕ್ಸ್‌ನ ಎರಡು ಅಳತೆಯೂ ಇದರಲ್ಲಿ ಪಾಸು.

ಈಗ ಅಳತೆಗೆ ಬರೋಣ.

ನಿಜವಾದ ಕಾರಿನ ಉದ್ದ 4,380 ಮಿ.ಮೀ. 1/32ರಲ್ಲಿ ಅದು 137 ಮಿ.ಮೀ. ಆಗುತ್ತದೆ. 1/12ರಲ್ಲಿ 365 ಮಿ.ಮೀ., ಶಾಲೆಯ ಅಡಿಪಟ್ಟಿಗಿಂತ ಉದ್ದ. ಉದ್ದದಲ್ಲಿ ಎರಡೂಮುಕ್ಕಾಲು ಪಟ್ಟಿನಷ್ಟೂ ವ್ಯತ್ಯಾಸವಿಲ್ಲ ತಾನೇ ಅನ್ನಿಸಬಹುದು. ಆದರೆ ಬಣ್ಣ ಬಳಿಯಬೇಕಾದ ಮೈ ಏಳು ಪಟ್ಟು ಹೆಚ್ಚು, ಬೀರುವಿನಲ್ಲಿ ಹಿಡಿಯುವ ಗಾತ್ರ ಹತ್ತೊಂಬತ್ತು ಪಟ್ಟು. ನಮ್ಮ ಮನೆಯವರು ಬೀರು ಮಾಡಿಸುವಾಗ ಈ ಲೆಕ್ಕ ಹಾಕದೆ, ಬಡಗಿಯನ್ನು ಮತ್ತೆ ಕರೆಸಬೇಕಾಯಿತು. ಮೊದಲು ಮನೆಯಲ್ಲಿ ಜಾಗ ಅಳೆಯಿರಿ. ಗಾಜಿಲ್ಲದ ಕಡೆ ಇಡುವ ಯೋಚನೆಯಿದ್ದರೆ ದೊಡ್ಡದು ಬೇಡವೇ ಬೇಡ, ಬಿ.ಎಚ್. ರಸ್ತೆಯ ದೂಳು ಒಂದು ವಾರದಲ್ಲಿ ಆ ಚಕ್ರದ ಕಡ್ಡಿಗಳ ನಡುವೆ ಗೂಡು ಕಟ್ಟುತ್ತದೆ, ಅದನ್ನು ತೆಗೆಯಹೋದರೆ ಕಡ್ಡಿ ಮುರಿಯುತ್ತದೆ.

ದೊಡ್ಡದರಲ್ಲಿ 272 ಭಾಗಗಳು. ಎಂಜಿನ್ ಪೂರ್ತಿ ಕಟ್ಟಬೇಕು, ಬಾನೆಟ್ ತೆಗೆದು ತೋರಿಸಬಹುದು. ಸಣ್ಣದರ ಸೊಗಸೆಲ್ಲ ಹೊರಗಿನ ಗೆರೆಯಲ್ಲಿದೆ: ಉದ್ದ ಬಾನೆಟ್, ನಿಂತ ರೇಡಿಯೇಟರ್, ಹಿಂದಿನ ದಪ್ಪ ಪೆಟ್ರೋಲ್ ಟ್ಯಾಂಕ್. ಎರಡು ಭಾನುವಾರ, ನಡುವೆ ಬಣ್ಣ ಒಣಗಲು ಒಂದು ವಾರ, ಅಷ್ಟರಲ್ಲಿ ಸಣ್ಣದು ಮುಗಿಯುತ್ತದೆ. ದೊಡ್ಡದಕ್ಕೆ ನನಗೆ ಏಳು ತಿಂಗಳು ಹಿಡಿಯಿತು, ಅದೂ ಈ ಕೆಲಸಕ್ಕೆ ಪಳಗಿದ ಕೈಯಲ್ಲಿ.

ಅಳತೆ ಚಿಕ್ಕದಾದರೆ ಕೆಲಸ ಕಷ್ಟ, ದೊಡ್ಡದಾದರೆ ಸುಲಭ ಅಂತ ಬಹಳ ಜನ ನಂಬಿದ್ದಾರೆ. ಭಾಗ ಹಿಡಿಯುವ ಮಟ್ಟಿಗೆ ಅದು ನಿಜ. ಆದರೆ ತಪ್ಪು ಅಡಗಿಸುವ ಮಟ್ಟಿಗೆ ಪೂರ್ತಿ ಉಲ್ಟಾ. ಸಣ್ಣದರಲ್ಲಿ ಅಂಟಿನ ಒಂದು ಗೆರೆ ಎರಡು ಅಡಿ ದೂರದಿಂದ ಕಾಣುವುದಿಲ್ಲ. ದೊಡ್ಡದರಲ್ಲಿ ಅದೇ ಗೆರೆ ಕಣ್ಣಿಗೆ ಚುಚ್ಚುತ್ತದೆ. ಚಾಸಿಯ ಎರಡು ಉದ್ದ ಪಟ್ಟಿಗಳಲ್ಲಿ ಒಂದು ಅರ್ಧ ಮಿಲಿಮೀಟರ್ ಸೊಟ್ಟಗಾದರೆ ಕೊನೆಯಲ್ಲಿ ನಾಲ್ಕು ಚಕ್ರದಲ್ಲಿ ಒಂದು ನೆಲ ಮುಟ್ಟುವುದಿಲ್ಲ. ಗಡಿಯಾರದಲ್ಲೂ ಹೀಗೇ ಆಗುತ್ತಿತ್ತು. ಕೆಳಗಿನ ತಟ್ಟೆ ಸಮ ಕೂರದಿದ್ದರೆ ಮೇಲಿನ ಹಲ್ಲುಚಕ್ರಕ್ಕೆ ಎಷ್ಟು ಉಪಚಾರ ಮಾಡಿದರೂ ಓಡುವುದಿಲ್ಲ. ದೊಡ್ಡ ಬೆಂಟ್ಲಿಯ ಚಾಸಿಯನ್ನು ನಾನು ಗಾಜಿನ ತುಂಡೊಂದರ ಮೇಲೆ ಇಟ್ಟು, ಎರಡು ಕಡೆ ಬ್ಯಾಟರಿ ಸೆಲ್ ಒರಗಿಸಿ, ಒಂದು ರಾತ್ರಿ ಪೂರ್ತಿ ಅಲುಗಾಡದಂತೆ ಬಿಟ್ಟೆ. ಈ ಒಂದು ರಾತ್ರಿ ಕಾಯಲು ಆಗದವರು ಸಣ್ಣದನ್ನೇ ತೆಗೆದುಕೊಳ್ಳುವುದು ಒಳ್ಳೆಯದು.

ಅಳತೆ ತೀರ್ಮಾನವಾಯಿತು ಅಂದುಕೊಳ್ಳೋಣ. ಇನ್ನು ಯಾವ ಕಾಲದ ಪೆಟ್ಟಿಗೆ?

ಇಲ್ಲಿ ಒಂದು ಸಂಗತಿ ಗಟ್ಟಿಯಾಗಿ ತಲೆಯಲ್ಲಿರಬೇಕು. ಪೆಟ್ಟಿಗೆ ಹೊಸದಾದ ಮಾತ್ರಕ್ಕೆ ಒಳಗಿರುವ ಕಿಟ್ ಹೊಸದಲ್ಲ. ಪ್ಲಾಸ್ಟಿಕ್ ಕಿಟ್ ಅಂದರೆ ಉಕ್ಕಿನ ಅಚ್ಚಿಗೆ ಕರಗಿದ ಪಾಲಿಸ್ಟೈರೀನ್ ನುಗ್ಗಿಸಿ ತೆಗೆದ ಎರಕ. ಅಚ್ಚು ಕೊರೆಯುವುದಕ್ಕೇ ಭಾರಿ ದುಡ್ಡು. ಒಮ್ಮೆ ಕೊರೆದರೆ ದಶಕಗಟ್ಟಲೆ ಅದರಿಂದಲೇ ತೆಗೆಯುತ್ತಾರೆ, ಪೆಟ್ಟಿಗೆಯ ಚಿತ್ರ ಮಾತ್ರ ಬದಲಾಗುತ್ತಿರುತ್ತದೆ. 1/32ರ ಬೆಂಟ್ಲಿಯ ಅಚ್ಚು 1950ರ ದಶಕದ್ದು. 1/12ರದ್ದು 1971ರದ್ದು, ಏರ್‌ಫಿಕ್ಸ್ ಅದಕ್ಕೆ ಹಿಂದಿನ ವರ್ಷವಷ್ಟೇ 1/24ರ ದೊಡ್ಡ ಸ್ಪಿಟ್‌ಫೈರ್ ವಿಮಾನ ತಂದು ಹೆಸರು ಮಾಡಿತ್ತು.

ಈ ಅಚ್ಚುಗಳು ಎಷ್ಟು ಕೈ ದಾಟಿವೆ ಅನ್ನುವುದು ಗೊತ್ತಿದ್ದರೆ ಪೆಟ್ಟಿಗೆ ನೋಡಿದೊಡನೆ ಅದರ ಕಾಲ ಅಂದಾಜಾಗುತ್ತದೆ. ಏರ್‌ಫಿಕ್ಸನ್ನು 1939ರಲ್ಲಿ ಕಟ್ಟಿದವರು ಹಂಗೇರಿಯಿಂದ ಬಂದ ನಿಕೊಲಸ್ ಕೋವ್. ಮೊದಲು ಗಾಳಿ ತುಂಬುವ ರಬ್ಬರ್ ಆಟಿಕೆ, ಆಮೇಲೆ ಬಾಚಣಿಗೆ, 1949ರಲ್ಲಿ ಫರ್ಗ್ಯುಸನ್ ಟ್ರ್ಯಾಕ್ಟರಿನ ಮಾದರಿ, 1952ರಲ್ಲಿ ವುಲ್‌ವರ್ತ್ಸ್ ಅಂಗಡಿಗಳಿಗಾಗಿ ಎರಡು ಶಿಲಿಂಗ್‌ನ ಗೋಲ್ಡನ್ ಹೈಂಡ್ ಹಡಗು. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಮೇಲೆ ಮಡಿಸಿದ ಕಾಗದ ಇಟ್ಟು ಪಿನ್ ಹೊಡೆದು ಮಾರುವ ಪದ್ಧತಿ ಆಗ ಶುರುವಾದದ್ದು 1970ರ ದಶಕದ ಆರಂಭದವರೆಗೂ ನಡೆಯಿತು. ನನ್ನ ಮಾವ ತಂದದ್ದು ಅಂಥದ್ದೇ ಚೀಲ. 1981ರಲ್ಲಿ ಮೂಲ ಕಂಪನಿ ಮುಳುಗಿ ಏರ್‌ಫಿಕ್ಸ್ ಆಟಿಕೆ ಕಂಪನಿ ಪ್ಯಾಲಿಟಾಯ್ ಕೈಸೇರಿತು. 1986ರಲ್ಲಿ ಬಣ್ಣದ ಡಬ್ಬಿಗಳ ಹಂಬ್ರಾಲ್ ಕಡೆಗೆ ಹೋಯಿತು, ಅಚ್ಚುಗಳು ಫ್ರಾನ್ಸಿನ ಟ್ರನ್‌ನಲ್ಲಿದ್ದ ಹೆಲ್ಲರ್ ಕಾರ್ಖಾನೆ ಸೇರಿದವು. 2006ರಲ್ಲಿ ಹಂಬ್ರಾಲ್ ಕುಸಿದಾಗ ಆಟಿಕೆ ರೈಲಿನ ಹಾರ್ನ್‌ಬಿ ಕೊಂಡುಕೊಂಡಿತು. ಹಾರ್ನ್‌ಬಿ ಕಾಲದ ಎಷ್ಟೋ ಏರ್‌ಫಿಕ್ಸ್ ಪೆಟ್ಟಿಗೆಗಳ ಬದಿಯಲ್ಲಿ ‘ಮೇಡ್ ಇನ್ ಇಂಡಿಯಾ’ ಅಂತ ಅಚ್ಚಾಗಿದೆ. ಮೊದಲ ಸಲ ಅದನ್ನು ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಾರ್ಖಾನೆಯಲ್ಲಿ ದುಡಿದವರಿಗೆ ಆ ಮೂರು ಪದದ ಬೆಲೆ ಗೊತ್ತು.

ಸರಿ, ಅಚ್ಚು ಅದೇ ಆದರೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬದಲಾಗುವುದು ಏನು? ಮೂರು ಬದಲಾಗುತ್ತವೆ. ಅವುಗಳಲ್ಲಿ ಒಂದು ಹಳೆಯದರ ಪರ, ಎರಡು ಹೊಸದರ ಪರ.

ಹಳೆಯದರ ಪರ ಇರುವುದು ಎರಕದ ಚುರುಕು. ಅಚ್ಚಿನ ಎರಡು ಹೋಳುಗಳು ಸಾವಿರಾರು ಸಲ ಕೂಡಿ ಬಿಟ್ಟು ಅಂಚು ಸವೆದಾಗ, ಸಂದಿಯಿಂದ ಪ್ಲಾಸ್ಟಿಕ್ ತೆಳ್ಳಗೆ ಹೊರಚೆಲ್ಲುತ್ತದೆ. ಇದಕ್ಕೆ ಫ್ಲ್ಯಾಶ್ ಅನ್ನುತ್ತಾರೆ. ದೋಸೆ ಹುಯ್ಯುವಾಗ ಅಂಚಿನಲ್ಲಿ ಬರುವ ಗರಿಯಂತೆ. ಅಚ್ಚು ಹೊಸದಾಗಿದ್ದಾಗ ತೆಗೆದ ಭಾಗಗಳಲ್ಲಿ ಫ್ಲ್ಯಾಶ್ ಕಡಿಮೆ, ಅಂಚು ಹರಿತ. ಇತ್ತೀಚಿನ ಎರಕದಲ್ಲಿ ಒಂದೊಂದು ಭಾಗವನ್ನೂ ಬ್ಲೇಡಿನಿಂದ ಕೆರೆದು ಉಪ್ಪುಕಾಗದದಲ್ಲಿ ಉಜ್ಜಬೇಕು. ಎರಡು ಹೋಳು ಕೂದಲೆಳೆ ಅತ್ತಿತ್ತ ಸರಿದಿದ್ದರೆ ದುಂಡನೆ ಸರಳುಗಳ ಮೈಮೇಲೆ ಮೆಟ್ಟಿಲಿನಂಥ ಗೆರೆ ಬೀಳುತ್ತದೆ. ದೊಡ್ಡ ಬೆಂಟ್ಲಿಯ ಸ್ಟೀರಿಂಗ್ ಸರಳು, ಎಕ್ಸಾಸ್ಟ್ ಕೊಳವೆ, ಆಕ್ಸಲ್ ಇವನ್ನೆಲ್ಲ ಮತ್ತೆ ದುಂಡಗೆ ಮಾಡುವುದರಲ್ಲೇ ನನಗೆ ಒಂದು ವಾರ ಕಳೆಯಿತು. ಬೇಸರ ತರುವ ಕೆಲಸ, ಆದರೆ ಕಷ್ಟದ್ದಲ್ಲ.

ಹೊಸದರ ಪರ ಮೊದಲನೆಯದು ಡೆಕಾಲ್. ನಂಬರ್ ಪ್ಲೇಟ್, ರೇಸಿನ ನಂಬರಿನ ಬಿಳಿ ವೃತ್ತ, ಮೀಟರುಗಳ ಮುಖ, ಇವೆಲ್ಲ ನೀರಿನಲ್ಲಿ ನೆನೆಸಿ ಜಾರಿಸುವ ಚೀಟಿಗಳು. ಮೂವತ್ತು ನಲವತ್ತು ವರ್ಷ ಕಳೆದರೆ ಹಳದಿಯಾಗುತ್ತವೆ, ನೀರಿಗೆ ಬಿಟ್ಟರೆ ಹಪ್ಪಳದಂತೆ ಪುಡಿಯಾಗುತ್ತವೆ. ಹಳೆಯ ಪೆಟ್ಟಿಗೆ ಕೊಂಡವರು ಬೇಡದ ಒಂದು ತುಣುಕನ್ನು ಮೊದಲು ನೆನೆಸಿ ನೋಡಬೇಕು. ಒಡೆದರೆ ಉಳಿದ ಹಾಳೆಯ ಮೇಲೆ ತೆಳುವಾಗಿ ವಾರ್ನಿಷ್ ಬಳಿದು ಒಣಗಿಸಿ, ಅಂಚು ಹಿಡಿದು ಕತ್ತರಿಸಿ ಬಳಸಬಹುದು. ಹಳದಿಗೆ ನಮ್ಮ ಊರಿನ ಬಿಸಿಲೇ ಔಷಧಿ: ಹಾಳೆಯನ್ನು ಕಿಟಕಿಯ ಗಾಜಿನ ಒಳಬದಿಗೆ ಅಂಟಿಸಿ ವಾರಗಟ್ಟಲೆ ಬಿಟ್ಟರೆ ಬಿಳಿಗೆ ತಿರುಗುತ್ತದೆ. ಮಾರ್ಚ್ ತಿಂಗಳಲ್ಲಿ ನಾನು ಮಾಡಿದ್ದೇನೆ, ಹದಿನೆಂಟು ದಿನ ಹಿಡಿಯಿತು. ಆದರೂ ಹೊಸ ಡೆಕಾಲಿಗೆ ಅದು ಸಾಟಿಯಲ್ಲ.

ಎರಡನೆಯದು ಸೂಚನೆಯ ಹಾಳೆ. ಹಳೆಯವುಗಳಲ್ಲಿ ಭಾಗಕ್ಕೆಲ್ಲ ಹೆಸರಿಟ್ಟು ಇಂಗ್ಲಿಷಿನಲ್ಲಿ ಬರೆದ ವಾಕ್ಯಗಳಿವೆ, ಓದಲು ಚೆನ್ನ, ಕಾರಿನ ಅಂಗಾಂಗಗಳ ಹೆಸರು ಕಲಿಯಲು ಇನ್ನೂ ಚೆನ್ನ. ಹೊಸವು ಚಿತ್ರವೇ ಪ್ರಧಾನ, ಹಂತಗಳು ಬಿಡಿಬಿಡಿ, ಎಡವುವ ಸಂಭವ ಕಡಿಮೆ.

ಹಳೆಯ ಪೆಟ್ಟಿಗೆ ಕೊಳ್ಳುವುದರ ಅಪಾಯವನ್ನು ಮುಚ್ಚಿಡಲಾರೆ. ಬೆಂಗಳೂರಿನ ಮಾರಾಟಗಾರರೊಬ್ಬರಿಂದ 1/12ರ ಹಳೆಯ ಪೆಟ್ಟಿಗೆಯೊಂದನ್ನು ತರಿಸಿದ್ದೆ. ಹೊರಗೆ ಬಿಗಿಯಾಗಿ ಸುತ್ತಿದ ಪ್ಲಾಸ್ಟಿಕ್ ನೋಡಿ ಯಾರೂ ತೆರೆದಿಲ್ಲ ಅಂದುಕೊಂಡೆ. ಬಿಚ್ಚಿದರೆ ಒಂದು ಸ್ಪ್ರೂ (ಬಿಡಿ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಪೂರ್ತಿ ನಾಪತ್ತೆ, ಮುಂದಿನ ಒಂದು ಸ್ಪ್ರಿಂಗ್ ಪಟ್ಟಿ ಮುರಿದಿತ್ತು. ಆ ಸುತ್ತುವ ಯಂತ್ರ ಯಾರ ಬಳಿಯೂ ಇರಬಹುದು ಅನ್ನುವುದು ನನಗೆ ಹೊಳೆದಿರಲಿಲ್ಲ. ವಾಪಸು ತೆಗೆದುಕೊಳ್ಳಲಿಲ್ಲ. ಕಾಣೆಯಾದ ಭಾಗಗಳಲ್ಲಿ ಕೆಲವನ್ನು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮಾಡಿದೆ, ಹೆಡ್‌ಲೈಟ್ ಮಾಡಲಾಗಲಿಲ್ಲ. ಆ ಕಿಟ್ ಈಗ ನನ್ನ ಬಿಡಿಭಾಗದ ಡಬ್ಬಿ. ಆದ್ದರಿಂದ ಹಳೆಯದು ಕೊಳ್ಳುವವರು ಪೆಟ್ಟಿಗೆ ತೆರೆದು, ಸ್ಪ್ರೂಗಳನ್ನು ಹರಡಿ, ಸೂಚನೆಯ ಹಾಳೆಯ ಭಾಗಸಂಖ್ಯೆಗಳ ಪಕ್ಕ ಇಟ್ಟು ತೆಗೆದ ಫೋಟೊ ಕೇಳಲೇಬೇಕು. ಕಳಿಸಲು ಹಿಂಜರಿದರೆ ಅಲ್ಲಿಗೇ ಬಿಡಿ. ಇನ್ನೊಂದು ಮಾತು, ಹಳೆಯ ಕಾರು ಕಿಟ್‌ಗಳಲ್ಲಿ ಮೆತ್ತನೆಯ ವಿನೈಲ್ ಟೈರ್ ಇದ್ದು ಅದು ಬೇರೆ ಪ್ಲಾಸ್ಟಿಕ್ಕಿಗೆ ತಾಗಿಕೊಂಡೇ ವರ್ಷಗಟ್ಟಲೆ ಇದ್ದರೆ, ವಿನೈಲ್ ಒಳಗಿನ ಎಣ್ಣೆಯಂಥ ಅಂಶ ಹೊರಬಂದು ತಾಗಿದ ಭಾಗವನ್ನು ಕರಗಿಸಿರುತ್ತದೆ. ಅದನ್ನೂ ಫೋಟೊದಲ್ಲಿ ನೋಡಿ.

ಚೀಲದ 1/32 ಸಿಕ್ಕರೆ? ತೆರೆಯದ ಚೀಲ ಸಿಕ್ಕರೆ ಕೂರಿಸಬೇಡಿ, ಕೂರಿಸುವ ಆಸೆಯಿದ್ದರೆ ಕೊಳ್ಳಲೂಬೇಡಿ. ಆ ಬೆಲೆ ಕೊಡುವುದು ಮೇಲಿನ ಮಡಿಸಿದ ಕಾಗದಕ್ಕೆ, ಪಿನ್ನಿಗೆ, ಅಷ್ಟು ವರ್ಷ ಉಳಿದು ಬಂದದ್ದಕ್ಕೆ. ಹರಿದ ಕ್ಷಣ ಆ ಬೆಲೆ ಹೋಯಿತು. ತೆರೆದಿರುವ, ಭಾಗ ಪೂರ್ತಿಯಿರುವ, ಮೂಲೆ ಜಜ್ಜಿದ ಪೆಟ್ಟಿಗೆಯ 1/32 ಸಿಕ್ಕರೆ ಮಾತ್ರ ಎರಡು ಯೋಚನೆ ಮಾಡಬೇಡಿ. ಕೂರಿಸುವವರಿಗೆ ಇದಕ್ಕಿಂತ ಒಳ್ಳೆಯ ಬೇಟೆ ಇಲ್ಲ. ಹಳೆಯ ಎರಕದ ಚುರುಕು ಇರುತ್ತದೆ, ಸಂಗ್ರಹಕಾರರ ಬೆಲೆ ಇರುವುದಿಲ್ಲ.

1/12ರಲ್ಲಿ ನನ್ನ ಆಯ್ಕೆ ಸ್ಪಷ್ಟ: ‘ವಿಂಟೇಜ್ ಕ್ಲಾಸಿಕ್ಸ್’ ಸಾಲಿನಲ್ಲಿ ಬಂದಿರುವ ಈಚಿನ ಪೆಟ್ಟಿಗೆ. ಕಿಟ್ ಸಂಖ್ಯೆ ಎ20440ವಿ. ಕೊನೆಯ ‘ವಿ’ ಅಕ್ಷರ ವಿಂಟೇಜ್ ಅನ್ನುವುದರ ಗುರುತು. ಇದು ಹಳೆಯ ಅಚ್ಚು ಅಂತ ಕಂಪನಿಯೇ ಮುಂಚಿತವಾಗಿ ಹೇಳಿದಂತೆ. ಫ್ಲ್ಯಾಶ್ ಇರುತ್ತದೆ, ಕೆರೆಯಿರಿ. ಕೆಲವು ದಪ್ಪ ಭಾಗದ ಬೆನ್ನಿನಲ್ಲಿ ಪ್ಲಾಸ್ಟಿಕ್ ಆರುವಾಗ ಬಿದ್ದ ಕುಳಿ ಇದ್ದರೆ ಪುಟ್ಟಿ ತುಂಬಿ. 272 ಭಾಗದಲ್ಲಿ ಒಂದು ಕಡಿಮೆಯಾದರೂ ಏಳು ತಿಂಗಳ ಕೆಲಸ ನಿಲ್ಲುತ್ತದೆ, ಆದ್ದರಿಂದ ದೊಡ್ಡ ಕಿಟ್‌ನಲ್ಲಿ ಪೂರ್ತಿ ಇರುವುದೇ ಮೊದಲ ಗುಣ. ಆ ಭರವಸೆ ಹೊಸ ಪೆಟ್ಟಿಗೆಯಲ್ಲಿ ಹೆಚ್ಚು. ಜಪಾನಿನ ಈಚಿನ ಕಿಟ್ ಕೂರಿಸಿದವರು ಇದರಲ್ಲಿ ಅದೇ ಬಿಗಿಹೊಂದಿಕೆ ನಿರೀಕ್ಷಿಸಿದರೆ ನಿರಾಸೆಯಾಗುತ್ತದೆ. ಅಂಟಿಸುವ ಮುನ್ನ ಪ್ರತಿ ಜೋಡಿಯನ್ನೂ ಅಂಟು ಹಾಕದೆ ಜೋಡಿಸಿ ನೋಡಬೇಕು.

ದುಡ್ಡಿನ ವಿಷಯ ಚುಟುಕಾಗಿ. ಆಟಿಕೆಗಳ ಮೂಲ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಹೊರದೇಶದಿಂದ ನೇರ ತರಿಸುವವರು ಅಲ್ಲಿನ ಬೆಲೆ ನೋಡಿ ಕುಣಿಯಬಾರದು. ಸುಂಕ, ಅದರ ಮೇಲಿನ ತೆರಿಗೆ, ಸಾಗಣೆ ಎಲ್ಲ ಕೂಡಿಸಿ, ಆ ದಿನದ ದರ ವಿಚಾರಿಸಿ, ಆಮೇಲೆ ಬೆಂಗಳೂರಿನ ಹವ್ಯಾಸಿ ಅಂಗಡಿಯ ಬೆಲೆಯೊಂದಿಗೆ ಹೋಲಿಸಬೇಕು. ನನ್ನ ಅನುಭವದಲ್ಲಿ ದೊಡ್ಡ ಪೆಟ್ಟಿಗೆಗೆ ಅಂಗಡಿಯೇ ಲೇಸು. ರೈಲಿನಲ್ಲಿ ಹೋಗಿ ತೊಡೆಯ ಮೇಲೆ ಇಟ್ಟುಕೊಂಡು ಬಂದರೆ ಮೂಲೆಯೂ ಜಜ್ಜುವುದಿಲ್ಲ.

ಆಯ್ಕೆಯನ್ನು ತಿರುಗಿಸಬಲ್ಲ ಎರಡು ಸಂಗತಿ ಇನ್ನೂ ಇವೆ, ಚಕ್ರ ಮತ್ತು ಬಣ್ಣ.

ಬೆಂಟ್ಲಿಯ ಚಕ್ರ ಸೈಕಲ್ ಚಕ್ರದಂತೆ ತಂತಿ ಕಡ್ಡಿಗಳದ್ದು. ನಿಜ ಚಕ್ರದ ಕಡ್ಡಿ 4 ಮಿ.ಮೀ. ದಪ್ಪ ಅಂತಿಟ್ಟುಕೊಂಡರೆ 1/12ರಲ್ಲಿ ಅದು ಮಿಲಿಮೀಟರಿನ ಮೂರನೇ ಒಂದು ಭಾಗ ಇರಬೇಕು. 1/32ರಲ್ಲಿ ಮಿಲಿಮೀಟರಿನ ಎಂಟನೇ ಒಂದು ಭಾಗ, ಎರಡು ಕೂದಲೆಳೆ ಸೇರಿಸಿದಷ್ಟು. ಆ ಕಾಲದ ಅಚ್ಚಿನಲ್ಲಿ ಪ್ಲಾಸ್ಟಿಕ್ ಅಷ್ಟು ತೆಳ್ಳಗೆ ಹರಿಯುವುದಿಲ್ಲ, ಹಾಗಾಗಿ ಎರಡರಲ್ಲೂ ಕಡ್ಡಿ ದಪ್ಪ. ಸಣ್ಣದರಲ್ಲಿ ಕಣ್ಣಿಗೆ ಮೋಸ ಮಾಡಬಹುದು: ಚಕ್ರಕ್ಕೆಲ್ಲ ಕಡುಗಪ್ಪು ಬಳಿದು, ಒಣಗಿದ ಮೇಲೆ ಕುಂಚವನ್ನು ಬಟ್ಟೆಗೆ ಒರೆಸಿ ಉಳಿದ ಚೂರು ಬೆಳ್ಳಿ ಬಣ್ಣವನ್ನು ಕಡ್ಡಿಯ ನೆತ್ತಿಗೆ ಮಾತ್ರ ಸವರಿದರೆ ಅಕ್ಕಪಕ್ಕದ ದಪ್ಪ ನೆರಳಿನಲ್ಲಿ ಮರೆಯಾಗುತ್ತದೆ. ದೊಡ್ಡದರಲ್ಲಿ ಈ ಉಪಾಯ ಅರ್ಧ ಮಾತ್ರ ಫಲಿಸುತ್ತದೆ. ಮನಸ್ಸು ತಡೆಯದಿದ್ದರೆ ಕಡ್ಡಿಗಳನ್ನೆಲ್ಲ ಕತ್ತರಿಸಿ ತೆಗೆದು, ಮೇಣದ ಬತ್ತಿಯ ಮೇಲೆ ಸ್ಪ್ರೂ ತುಂಡು ಕಾಯಿಸಿ ಎಳೆದ ಪ್ಲಾಸ್ಟಿಕ್ ನೂಲಿನಿಂದ ಒಂದೊಂದಾಗಿ ಹೆಣೆಯಬೇಕು. ನಾನು ಒಂದು ಚಕ್ರ ಹೆಣೆದೆ, ಬಿಡಿ ಚಕ್ರ ಮಾತ್ರ. ಅದೊಂದೇ ಹನ್ನೊಂದು ರಾತ್ರಿ. ಉಳಿದ ನಾಲ್ಕು ಕಿಟ್‌ನವೇ. ನಿಜ ಚಕ್ರದ ಹೆಣಿಗೆ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕಿದ್ದರೆ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಹೋಗಿ ಬನ್ನಿ, ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಮುಂದೆ ಕೂತು ನೋಡಿ. ಫೋಟೊ ನೋಡಿ ತಿಳಿಯದ್ದು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಾಗ ತಿಳಿಯುತ್ತದೆ.

ಬಣ್ಣದಲ್ಲಿ ಎಲ್ಲರೂ ಮಾಡುವ ತಪ್ಪು, ಕಾರಿಗೆ ಕನ್ನಡಿಯ ಹೊಳಪು ಕೊಡುವುದು. ಬರ್ಕಿನ್ ತಂಡದ ಬ್ಲೋವರ್‌ಗಳ ಮೈಯನ್ನು ವಾಂಡನ್ ಪ್ಲಾ ಎಂಬ ಬಾಡಿ ಕಟ್ಟುವವರು ಮರದ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿ ಮಾಡಿದ್ದರು. ಬಾನೆಟ್ ಲೋಹದ್ದು, ಹಿಂದಿನ ಮೈ ಬಟ್ಟೆಯದ್ದು. ಆದ್ದರಿಂದ ಬಾನೆಟ್‌ಗೆ ಹೊಳಪಿನ ಹಸಿರು, ಬಾಗಿಲಿನಿಂದ ಹಿಂದಕ್ಕೆ ಅರೆಹೊಳಪು. ಸಣ್ಣದರಲ್ಲಿ ಈ ವ್ಯತ್ಯಾಸ ತೋರಿಸದಿದ್ದರೂ ನಡೆದೀತು, ದೊಡ್ಡದರಲ್ಲಿ ಅದಿಲ್ಲದೆ ಕಾರು ಆಟಿಕೆಯಂತೆ ಕಾಣುತ್ತದೆ. ಹಂಬ್ರಾಲ್‌ನ 3ನೇ ನಂಬರ್ ಬ್ರನ್ಸ್‌ವಿಕ್ ಹಸಿರು ನಾನು ಬಳಸಿದ್ದು. ಕಪ್ಪು ಒಂದೆರಡು ಹನಿ ಬೆರೆಸಿದೆ, ಕರಟದ ಬೋಗುಣಿಯಲ್ಲಿ, ಹಿಡಿಕಡ್ಡಿಯಿಂದ ಕಲಸಿ. ದೊಡ್ಡದರ ಬಾನೆಟ್ ಬಿಗಿಯುವ ಪಟ್ಟಿಯ ಜಾಗಕ್ಕೆ ನಿಜವಾದ ತೊಗಲನ್ನೇ ಹಾಕಿದ್ದೇನೆ: ನನ್ನ ಹಳೆಯ ಜನತಾ ವಾಚಿನ ಪಟ್ಟಿಯನ್ನು ಸೀಳಿ, ಒಳಮೈ ಕೆರೆದು ಕಾಗದದಷ್ಟು ತೆಳು ಮಾಡಿ, 3 ಮಿ.ಮೀ. ಅಗಲಕ್ಕೆ ಕತ್ತರಿಸಿದ್ದು.

ಬಣ್ಣಕ್ಕೆ ಕಾಲವೂ ಮುಖ್ಯ. ನಮ್ಮ ಕಡೆ ಎನಾಮಲ್‌ಗೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೇಳಿ ಮಾಡಿಸಿದ ಹವೆ. ಮಳೆಗಾಲದಲ್ಲಿ ಹೊಳಪಿನ ಬಣ್ಣ ಒಣಗಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ, ವಾರ್ನಿಷ್ ಮೇಲೆ ಬಿಳಿ ಮಂಜು ಕೂರುತ್ತದೆ. ದೊಡ್ಡದನ್ನು ಆಯುಧಪೂಜೆ ಹೊತ್ತಿಗೆ ಶುರುಮಾಡಿದರೆ ಚಾಸಿ ಮತ್ತು ಎಂಜಿನ್ ಮುಗಿಯುವ ಹೊತ್ತಿಗೆ ಬಣ್ಣದ ಕಾಲ ಸರಿಯಾಗಿ ಬರುತ್ತದೆ. ಸಣ್ಣದಕ್ಕೆ ಈ ಲೆಕ್ಕಾಚಾರ ಬೇಕಿಲ್ಲ, ಬಿಸಿಲು ಬಿದ್ದ ಯಾವ ವಾರವಾದರೂ ಆದೀತು.

ಹುಡುಗನಿಗೆ ನಾನು ಕೇಳಿದ್ದು ಎರಡೇ. ಹಾಸ್ಟೆಲಿನಲ್ಲಿರುತ್ತೀಯಾ, ಮನೆಯಲ್ಲಿರುತ್ತೀಯಾ? ಮುಂದಿನ ಪರೀಕ್ಷೆ ಯಾವಾಗ? ಮನೆಯಲ್ಲಿ, ಆದರೆ ತಮ್ಮನ ಜೊತೆ ಒಂದೇ ಕೋಣೆ. ಪರೀಕ್ಷೆ ಎರಡು ತಿಂಗಳಿಗೆ. ಹಾಗಿದ್ದರೆ 1/32, ತೆರೆದ ಪೆಟ್ಟಿಗೆ, ಭಾಗ ಎಣಿಸಿ ಕೊಂಡದ್ದು. ಮುಖ ಸಪ್ಪಗಾಯಿತು, ಅವನ ಕಣ್ಣು ದೊಡ್ಡದರ ಎಂಜಿನ್ ಮೇಲಿತ್ತು. ಓದು ಮುಗಿದು ಸಂಬಳ ಬಂದು ಮೇಜೊಂದು ಅವನದೇ ಅಂತ ಆದ ದಿನ 1/12ಕ್ಕೆ ಕೈ ಹಾಕಲಿ, ಬಿಡಿಭಾಗದ ಡಬ್ಬಿ ನನ್ನದು ಅವನಿಗೇ. ಇದೇ ಪ್ರಶ್ನೆ ನಿವೃತ್ತಿಯಾದ ನನ್ನ ಗೆಳತಿ ಕೇಳಿದಾಗ ನೇರವಾಗಿ ದೊಡ್ಡದನ್ನೇ ಹೇಳಿದ್ದೆ. ಅವಳಿಗೆ ಸಮಯವಿದೆ, ಗಾಜಿನ ಬೀರು ಇದೆ, ಲೂಪ್ ಇನ್ನೂ ಇಟ್ಟುಕೊಂಡಿದ್ದಾಳೆ. ಸಣ್ಣದು ಕೊಡಿಸಿದ್ದರೆ ಒಂದು ವಾರದಲ್ಲಿ ಮುಗಿಸಿ ಮತ್ತೆ ಸುಮ್ಮನೆ ಕೂರುತ್ತಿದ್ದಳು.

ಮೂರು ವಾರದ ನಂತರ ಹುಡುಗ ಮೂಲೆ ಜಜ್ಜಿದ ಪೆಟ್ಟಿಗೆಯೊಂದನ್ನು ಹಿಡಿದುಕೊಂಡು ಬಂದ. ಭಾಗ ಪೂರ್ತಿ ಇತ್ತು, ಡೆಕಾಲ್ ಹಳದಿ. ಡೆಕಾಲ್ ನಮ್ಮ ಕಿಟಕಿಗೆ ಅಂಟಿಸಿದ್ದೇವೆ. ನಿನ್ನೆ ಸಂಜೆ ಮೊದಲ ಕೈ ಹಸಿರು ಬಳಿದು ಮುಗಿಸುವಷ್ಟರಲ್ಲಿ ಮಳೆ ಬಂದು ನಿಂತು, ದೀಪಕ್ಕೆ ಈಸಲು ಹುಳುಗಳು ಮುತ್ತಿದವು. ಅವನು ಒಳಗೆ ಓಡಿ ಅಡುಗೆಮನೆಯಿಂದ ಹಿತ್ತಾಳೆ ಡಬರಿ ತಂದು ಬೆಂಟ್ಲಿಯ ಮೇಲೆ ಬೋರಲು ಹಾಕಿದ. ಬೆಳಿಗ್ಗೆ ತೆಗೆದು ನೋಡಿದೆ. ಎಡ ಮಡ್‌ಗಾರ್ಡಿನ ಮೇಲೆ ಒಂದು ರೆಕ್ಕೆ ಅಂಟಿತ್ತು, ಉಳಿದದ್ದೆಲ್ಲ ಚೊಕ್ಕಟ.